‘ಬೋರ್ಡ್ ನೋಡಿ ಬರೆಯೋದು ತುಂಬಾ ನಿಧಾನ’

ಮಕ್ಕಳ ಮನಶ್ಶಾಸ್ತ್ರಜ್ಞೆಯಾದ ನನ್ನ ಹತ್ತಿರ ಶಾಲೆಯಿಂದ ಬರುವ ಚೀಟಿಗಳಲ್ಲಿ ಪದೇಪದೇ ಕಾಣುವ ದೂರು ಇದು. ಹಿಂದೆಯೇ ಅಮ್ಮನ ಮಾತು: ‘ಇವಳ ಅಕ್ಕ ಚಕಚಕ ಅಂತ ಬರೆದು ಮುಗಿಸ್ತಾಳೆ ಮೇಡಂ.’ ಅಕ್ಕನಿಗೆ ಹತ್ತು ವರ್ಷ, ಇವಳಿಗೆ ಆರು ಅನ್ನೋದು ನಾನು ಕೇಳಿದ ಮೇಲಷ್ಟೇ ಗೊತ್ತಾಗುತ್ತೆ.

ಆರು ವರ್ಷದ ಮಗು ‘ಪುಸ್ತಕ’ ಅಂತ ನೋಡಿ ಬರೆಯುವಾಗ ಪಕ್ಕದಲ್ಲಿ ಕೂತು ಗಮನಿಸಿ. ‘ಪು’ ಬರೆದು ತಲೆ ಎತ್ತುತ್ತೆ. ‘ಸ’ ಬರೆದು ಮತ್ತೆ ಎತ್ತುತ್ತೆ. ಕೆಳಗಿನ ತ ಒತ್ತಿಗೆ ಇನ್ನೊಂದು ಸಲ. ತಲೆ ಎತ್ತಿದಾಗೆಲ್ಲ ಬೋರ್ಡಿನಲ್ಲಿ ಎಲ್ಲಿದ್ದೆ ಅಂತ ಹುಡುಕಬೇಕು. ಹತ್ತರ ಹುಡುಗಿ ಇಡೀ ಪದವನ್ನೇ, ಕೆಲವೊಮ್ಮೆ ಎರಡು ಪದವನ್ನು, ತಲೆಯಲ್ಲಿಟ್ಟುಕೊಂಡು ಬರೆದುಬಿಡುತ್ತಾಳೆ. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲ ಸೇರಿದರೆ ಗುರುತಿಸಬೇಕಾದ ರೂಪಗಳೇ ನೂರಾರು. ಅವು ಕೈವಶವಾಗಲು ಮೊದಲೆರಡು ತರಗತಿ ಸಾಲದು ಎಂದು ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡುವ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ಅಕ್ಷರದ ಗೊಡವೆಯೇ ಇಲ್ಲದ ಕೆಲಸಗಳಲ್ಲೂ ಚಿಕ್ಕವರು ನಿಧಾನವೇ. ಮನಶ್ಶಾಸ್ತ್ರಜ್ಞ ರಾಬರ್ಟ್ ಕೈಲ್ 1991ರಲ್ಲಿ ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಬೇರೆ ಬೇರೆ ಕೆಲಸಗಳಲ್ಲಿ ವೇಗ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುವುದು ಕಂಡಿತು: ಬಾಲ್ಯದಲ್ಲಿ ಸರಸರ ಏರಿಕೆ, ಹದಿಹರೆಯದಲ್ಲಿ ನಿಧಾನ. ನರಗಳಲ್ಲಿ ಸಂದೇಶ ಬೇಗ ಸಾಗುವಂತೆ ಮಾಡುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕಣ್ಣಿನ ನರಕ್ಕೆ ಬಹುಮಟ್ಟಿಗೆ ಮೊದಲ ಒಂದೆರಡು ವರ್ಷದಲ್ಲೇ ಬರುತ್ತೆ. ಮಿದುಳಿನ ದೂರದ ಭಾಗಗಳನ್ನು ಜೋಡಿಸುವ ತಂತುಗಳಲ್ಲಿ ಆ ಕೆಲಸ ಇಪ್ಪತ್ತು ದಾಟಿದರೂ ಮುಗಿದಿರಲ್ಲ.

ಹಾಗಾಗಿ ವಯಸ್ಸನ್ನು ತಿಂಗಳ ಲೆಕ್ಕದಲ್ಲೇ ಬರೆದುಕೊಳ್ಳುತ್ತೇನೆ. ಮಕ್ಕಳ ಬುದ್ಧಿಮತ್ತೆ ಅಳೆಯುವ ವೆಕ್ಸ್ಲರ್ ಪರೀಕ್ಷೆಯಲ್ಲಿ ಅಂಕ ಕೋಷ್ಟಕವೂ ಮಗುವಿನ ವಯಸ್ಸಿನ ಪ್ರತಿ ನಾಲ್ಕು ತಿಂಗಳಿಗೆ ಬೇರೆಯಾಗುತ್ತೆ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ 5 ವರ್ಷ 5 ತಿಂಗಳ ಮಕ್ಕಳನ್ನೂ ಸೇರಿಸಿಕೊಳ್ಳಲು ಅವಕಾಶ ಕೊಟ್ಟರು. ಅಂಥ ಮಗುವಿನ ಪಕ್ಕದ ಬೆಂಚಿನಲ್ಲಿ ಆರೂವರೆಯದು ಕೂತಿರುತ್ತೆ. ಟೀಚರ್‌ಗೆ ಇಬ್ಬರೂ ‘ಒಂದನೇ ಕ್ಲಾಸು’.

ವಯಸ್ಸಿಗೆ ತಕ್ಕಂತೆ ನೋಡಿದರೂ ನಿಧಾನ ಅನ್ನಿಸಿದರೆ ಮೊದಲು ಕಣ್ಣು ತೋರಿಸಿಕೊಂಡು ಬನ್ನಿ ಅನ್ನುತ್ತೇನೆ. ಆಮೇಲೆ ಎರಡೆರಡು ನಿಮಿಷದ ಎರಡು ಪರೀಕ್ಷೆ. ಒಂದರಲ್ಲಿ ಚಿಹ್ನೆ ನೋಡಿ ಬರೆಯಬೇಕು, ಇನ್ನೊಂದರಲ್ಲಿ ಹುಡುಕಿ ಗುರುತು ಹಾಕಿದರೆ ಸಾಕು. ಹುಡುಕುವುದು ಸಲೀಸು, ಬರೆಯುವುದು ಮಾತ್ರ ಕಷ್ಟವಾದರೆ ನನ್ನ ಗಮನ ಪೆನ್ಸಿಲ್ ಹಿಡಿದ ಬೆರಳುಗಳ ಕಡೆ ಹೋಗುತ್ತೆ. ಈ ವ್ಯತ್ಯಾಸ ನೋಡದೆ ‘ಸ್ಲೋ ಲರ್ನರ್’ ಅಂತ ಬರೆದ ರಿಪೋರ್ಟ್ ಕಂಡರೆ ನನಗೆ ಸಿಟ್ಟೇ ಬರುತ್ತೆ.

‘ದೊಡ್ಡವಳಾದ್ಮೇಲೆ ಸರಿಹೋಗುತ್ತಾ ಮೇಡಂ?’ ಖಂಡಿತ ವೇಗ ಹೆಚ್ಚುತ್ತೆ. ಆದರೆ ಜೊತೆಯವರದ್ದೂ ಹೆಚ್ಚುತ್ತಲ್ಲ, ಅಂತರ ಉಳಿಯಲೂಬಹುದು. ಅದಕ್ಕೇ ವರ್ಷ ಬಿಟ್ಟು ಮತ್ತೆ ಕರೆಸುತ್ತೇನೆ. ಅಲ್ಲಿಯವರೆಗೆ ಮುಂದಿನ ಬೆಂಚು, ನೋಟ್ಸ್‌ನ ಜೆರಾಕ್ಸ್, ಟೆಸ್ಟಿನಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಡಿ ಅಂತ ಶಾಲೆಗೆ ಬರೆದು ಕಳಿಸುತ್ತೇನೆ.