ಹಾಸಿಗೆ ಇದ್ದಷ್ಟು ಬೂಟು ಚಾಚು

ಪ್ರತಿ ಚಳಿಗಾಲ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದುಬಿಡುತ್ತದೆ. ಮ್ಯೂನಿಕ್‌ಗೆ ಬಂದು ಎರಡು ಮೂರು ವರ್ಷವಾದ ನಮ್ಮ ಹುಡುಗರು ಸಾಮಾನ್ಯವಾಗಿ ಮೊದಲು ಸ್ಕೀ ಕಲಿಯುತ್ತಾರೆ. ಉತ್ಸಾಹದಲ್ಲಿ ಬೂಟನ್ನೂ ಕೊಂಡುಬಿಡುತ್ತಾರೆ. ಆಮೇಲೆ ಒಂದು ದಿನ ಲಿಫ್ಟಿನಲ್ಲಿ ಕುಳಿತು ಕೆಳಗೆ ನೋಡುವಾಗ, ಯಾರೋ ಒಬ್ಬ ಸ್ನೋಬೋರ್ಡಿನ ಮೇಲೆ ಕೈ ನೆಲಕ್ಕೆ ತಾಗುವಷ್ಟು ವಾಲಿಕೊಂಡು, ಹಿಮದ ಮೇಲೆ ರಂಗೋಲಿಯ ಎಳೆಯಂತೆ ಒಂದೇ ಗೆರೆ ಬಿಟ್ಟು ಹೋಗುವುದು ಕಣ್ಣಿಗೆ ಬೀಳುತ್ತದೆ. ಆ ವರ್ಷದ ಯುಗಾದಿ ಊಟಕ್ಕೆ ಸೇರಿದಾಗ ಹೋಳಿಗೆ ತಟ್ಟೆ ಹಿಡಿದು ನನ್ನ ಪಕ್ಕಕ್ಕೆ ಬಂದು ಕೂರುತ್ತಾರೆ.

“ಅಣ್ಣಾ, ಅದಕ್ಕೆ ಗಟ್ಟಿ ಬೂಟು ಬೇಕಂತೆ. ನನ್ನ ಸ್ಕೀ ಬೂಟೂ ಗಟ್ಟಿಯೇ ಅಲ್ಲವೇ? ಅದನ್ನೇ ಹಾಕಿಕೊಂಡರೆ ಆಗುವುದಿಲ್ಲವೇ?”

ಆಗುತ್ತದೆ. ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗಿನಲ್ಲಿ ಕೂರುತ್ತದೆ, ಬೋರ್ಡು ಇಳಿಯುತ್ತದೆ, ತಿರುಗುತ್ತದೆ. ಒಂದು ದಿನ ಹೇಗಿರುತ್ತದೆಂದು ನೋಡುವುದಕ್ಕೆ ಸಾಕು. ಆದರೆ ಅದನ್ನೇ ನಂಬಿ ಒಂದು ಚಳಿಗಾಲ ಕಳೆಯುತ್ತೇನೆ ಎನ್ನುವವರಿಗೆ, ಹಾಗೆ ಕಳೆದವನಾಗಿ, ಬೇಡ ಎನ್ನುತ್ತೇನೆ. ಏಕೆಂದು ಹೇಳಲು ಹೋಳಿಗೆ ಮುಗಿಯುವಷ್ಟು ಹೊತ್ತು ಸಾಲುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಸ್ನೋಬೋರ್ಡು ಎಂದಾಗ ಎಲ್ಲರಿಗೂ ನೆನಪಾಗುವುದು ಮೆತ್ತನೆಯ ಬೂಟು, ಅದರ ಮೇಲೆ ಬಿಗಿಯುವ ಪಟ್ಟಿ. ಹಾಗೆ ಅಂಚಿನ ಮೇಲೆ ವಾಲಿ ಒಂದೇ ಗೆರೆ ಬಿಟ್ಟು ಇಳಿಯುವುದಕ್ಕೆ ಕಾರ್ವಿಂಗ್ ಎನ್ನುತ್ತಾರೆ, ಅದನ್ನು ಮಾಡುವವರ ಸರಂಜಾಮು ಬೇರೆ. ಬೋರ್ಡು ಉದ್ದ ಮತ್ತು ಕಿರಿದು. ಸಾಮಾನ್ಯ ಬೋರ್ಡಿನ ನಡು ಸುಮಾರು 25 ಸೆಂಟಿಮೀಟರ್ ಇದ್ದರೆ ಇದರದು 20ರ ಆಸುಪಾಸು. ಬೈಂಡಿಂಗ್ ಎಂದರೆ ಒಂದು ಚಪ್ಪಟೆ ಫಲಕ, ಅದರ ಮುಂದೊಂದು ಹಿಂದೊಂದು ಉಕ್ಕಿನ ತಂತಿಯ ಬಳೆ. ಬೂಟಿನ ಮೂತಿ ಮತ್ತು ಹಿಮ್ಮಡಿಯ ತುಟಿಗಳನ್ನು ಈ ಬಳೆಗಳು ಕಚ್ಚಿ ಹಿಡಿಯುತ್ತವೆ. ಬೂಟು ಪ್ಲಾಸ್ಟಿಕ್ ಚಿಪ್ಪಿನದು, ನಾಲ್ಕೈದು ಬಕಲ್ಲುಗಳಿರುತ್ತವೆ, ಹತ್ತು ಹೆಜ್ಜೆ ದೂರದಿಂದ ನೋಡಿದರೆ ಸ್ಕೀ ಬೂಟೇ. ಗೊಂದಲ ಹುಟ್ಟುವುದೇ ಇಲ್ಲಿ. ಅಷ್ಟೇ ಅಲ್ಲ, 1980ರ ದಶಕದಲ್ಲಿ ಯುರೋಪಿನ ಸವಾರರು ಈ ಆಟವನ್ನು ಶುರು ಮಾಡಿದಾಗ ಸ್ಕೀ ಬೂಟು, ಪರ್ವತಾರೋಹಣದ ಬೂಟು ಎಂದು ಕೈಗೆ ಸಿಕ್ಕಿದ್ದನ್ನೇ ಹಾಕಿಕೊಂಡಿದ್ದರು. ಆದ್ದರಿಂದ ಈ ಪ್ರಶ್ನೆ ಕೇಳುವ ಹುಡುಗ ದಡ್ಡನೇನೂ ಅಲ್ಲ, ನಲವತ್ತು ವರ್ಷ ತಡವಾಗಿ ಬಂದಿದ್ದಾನೆ ಅಷ್ಟೇ.

ನನ್ನ ಕಥೆ ಇಷ್ಟು. ಬೋರ್ಡು ಮತ್ತು ಬೈಂಡಿಂಗ್ ಹಳೆಯದಾಗಿ ಅಗ್ಗಕ್ಕೆ ಸಿಕ್ಕಿತು. ಅದಕ್ಕೆ ಹೊಂದುವ ಬೂಟು ಹೊಸದಾಗಿ ಕೊಳ್ಳಲು ಹೋದರೆ ಆ ಎರಡಕ್ಕೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ತೆರಬೇಕಿತ್ತು. ಮನೆಯಲ್ಲಿ ಸ್ಕೀ ಬೂಟು ಇರುವಾಗ ಇನ್ನೊಂದು ಜೊತೆ ಪ್ಲಾಸ್ಟಿಕ್ಕಿಗೆ ದುಡ್ಡು ಸುರಿಯುವುದಕ್ಕೆ ಮನಸ್ಸು ಒಪ್ಪಲಿಲ್ಲ. ಅಡುಗೆಮನೆಯ ನೆಲದ ಮೇಲೆ ಬೋರ್ಡು ಇಟ್ಟು, ಬೂಟು ಕೂರಿಸಿ, ಬಳೆ ಎತ್ತಿ ಕಚ್ಚಿಸಿದೆ. ‘ಟಕ್’ ಎಂದಿತು. ಆ ಸದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬ್ರೌನೆಕ್ ಬೆಟ್ಟ. ಯಂತ್ರ ಆಗಷ್ಟೇ ಬಾಚಿಹೋದ ಹಿಮ, ಕಾರ್ಡುರಾಯ್ ಬಟ್ಟೆಯ ಹಾಗೆ ಗೀರು ಗೀರು. ಮೊದಲ ನಾಲ್ಕು ತಿರುವುಗಳು ಎಷ್ಟು ಚೆನ್ನಾಗಿ ಬಂದವೆಂದರೆ ಐದನೆಯದಕ್ಕೆ ಇನ್ನಷ್ಟು ವಾಲಿದೆ. ಏನಾಯಿತೆಂದು ಗೊತ್ತಾಗುವ ಮೊದಲೇ ಎದೆಯ ಮೇಲೆ ಜಾರುತ್ತಿದ್ದೆ. ಎದ್ದು ಹೋಗಿ ನನ್ನ ಗೆರೆ ನೋಡಿದೆ: ತೆಳ್ಳಗೆ ಬಂದ ಗೆರೆಯ ಪಕ್ಕದಲ್ಲಿ ನೇಗಿಲು ಕಚ್ಚಿದ ಹಾಗೆ ಇನ್ನೊಂದು ಸಾಲು, ಅದು ಶುರುವಾದ ಎರಡು ಮೀಟರಿಗೆ ಗೆರೆಯೇ ಮಾಯ. ಆ ನೇಗಿಲು ನನ್ನ ಬೂಟಿನ ಮೂತಿ. ಬೋರ್ಡು ವಾಲಿದಾಗ ಅಂಚಿಗಿಂತ ಹೊರಗೆ ಚಾಚಿದ್ದ ಬೂಟು ಹಿಮಕ್ಕೆ ತಾಗಿ, ಊರುಗೋಲಾಗಿ, ಅಂಚನ್ನೇ ಹಿಮದಿಂದ ಮೇಲೆತ್ತಿಬಿಟ್ಟಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಜ್ಜಿ ಎಷ್ಟು ಸಲ ಹೇಳಿದ್ದರೂ, ಸೆಂಟಿಮೀಟರ್ ಲೆಕ್ಕದಲ್ಲಿ ಅರ್ಥವಾದದ್ದು ಅಂದೇ.

ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಸ್ಕೀ ಬೂಟಿನ ಹಿಮ್ಮಡಿಯ ಬಳಿ, ಪಕ್ಕದಲ್ಲಿ, ಅಟ್ಟೆಯ ಉದ್ದವನ್ನು ಮಿಲಿಮೀಟರಿನಲ್ಲಿ ಕೊರೆದಿರುತ್ತಾರೆ. ನನ್ನದು 317. ಅದೇ ಅಳತೆಯ ಪಾದಕ್ಕೆ ಸ್ನೋಬೋರ್ಡಿನ ಗಟ್ಟಿ ಬೂಟು ಒಂದೆರಡು ಸೆಂಟಿಮೀಟರ್ ಗಿಡ್ಡ ಇರುತ್ತದೆ. ಸ್ಕೀ ಬೈಂಡಿಂಗ್ ಬೂಟನ್ನು ಹಿಡಿಯುವುದಕ್ಕೂ ಬಿದ್ದಾಗ ಬಿಡುವುದಕ್ಕೂ ಮುಂದೆ ಹಿಂದೆ ಚಾಚಿಕೊಂಡ ದಪ್ಪ ತುಟಿಗಳು ಬೇಕು. ಬೋರ್ಡಿನ ಬೂಟು ಮಾಡುವವರು ಅವನ್ನು ಒಳಕ್ಕೆ ಸರಿಸಿ, ಮೂತಿಯ ಮತ್ತು ಹಿಮ್ಮಡಿಯ ಕೆಳಭಾಗವನ್ನು ಓರೆಯಾಗಿ ಕೆತ್ತಿರುತ್ತಾರೆ. ಪಾದಗಳು ಬೋರ್ಡಿಗೆ ಅಡ್ಡಲಾಗಿ ನಿಂತರೆ ಸೊನ್ನೆ ಡಿಗ್ರಿ, ನೇರ ಮುಂದಕ್ಕೆ ನಿಂತರೆ 90. ಕಾರ್ವಿಂಗಿಗೆ ಸುಮಾರು 60ರಲ್ಲಿ ನಿಲ್ಲುತ್ತೇವೆ. 60 ಡಿಗ್ರಿಯ ಕೊಸೈನ್ ಅರ್ಧ ಎಂದು ಶಾಲೆಯಲ್ಲಿ ಉರುಹೊಡೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಅಟ್ಟೆ ಎರಡು ಸೆಂಟಿಮೀಟರ್ ಉದ್ದವಾದರೆ ಬೋರ್ಡಿನ ಅಡ್ಡಕ್ಕೆ ಒಂದು ಸೆಂಟಿಮೀಟರ್ ಹೆಚ್ಚುತ್ತದೆ, ಪ್ರತಿ ಬದಿಗೆ ಅರ್ಧ. ಅರ್ಧ ಸೆಂಟಿಮೀಟರ್ ತಾನೇ ಎನ್ನಬೇಡಿ. ನಿಧಾನಕ್ಕೆ ವಾಲುವವನಿಗೆ ಅದು ಏನೂ ಅಲ್ಲ. ಸೊಂಟ ಹಿಮಕ್ಕೆ ತಾಗುವಷ್ಟು ವಾಲಬೇಕೆಂಬ ಆಸೆಯಿಂದಲೇ ಈ ಆಟಕ್ಕೆ ಬಂದವನಿಗೆ, ಅಂಚು ಹಿಡಿಯುವುದಕ್ಕೂ ಎದೆಯ ಮೇಲೆ ಜಾರುವುದಕ್ಕೂ ನಡುವೆ ಇರುವುದು ಅಷ್ಟೇ ಜಾಗ.

ಇದಕ್ಕೆ ಉಪಾಯವಿದೆ. ಕೋನವನ್ನು 63ಕ್ಕೋ 65ಕ್ಕೋ ಏರಿಸಿದರೆ ಬೂಟು ಒಳಗೆ ಬರುತ್ತದೆ. ನಾನೂ ಹಾಗೇ ಮಾಡಿ ಗೆದ್ದೆನೆಂದುಕೊಂಡೆ. ಎರಡನೆಯ ತೊಂದರೆ ಹೊರಬಿದ್ದದ್ದು ಆಗ. ಅದು ಉದ್ದದ್ದಲ್ಲ, ಬಿಗುವಿನದು, ಮತ್ತು ನನ್ನ ಅನುಭವದಲ್ಲಿ ಹೆಚ್ಚು ಕೆಟ್ಟದ್ದು.

ಸ್ಕೀಯಲ್ಲಿ ಎರಡು ಪಾದಗಳೂ ಒಂದರ ಪಕ್ಕ ಒಂದು, ನೇರ ಮುಂದಕ್ಕೆ ಇರುತ್ತವೆ. ಮಂಡಿಯನ್ನು ಮುಂದಕ್ಕೆ ಒತ್ತಿದರೆ ಬೂಟು ತಡೆ ಕೊಡುತ್ತದೆ. ಪಕ್ಕಕ್ಕೆ ವಾಲಿದರೆ ಕಿಂಚಿತ್ತೂ ಬಗ್ಗದೆ ಆ ವಾಲುವಿಕೆಯನ್ನು ಹಾಗೆಯೇ ಅಂಚಿಗೆ ಒಪ್ಪಿಸುತ್ತದೆ. ಪಕ್ಕಕ್ಕೆ ಬಗ್ಗದಿರುವುದೇ ಅದರ ಧರ್ಮ. ಬೋರ್ಡಿನ ಮೇಲೆ ಒಂದು ಪಾದ ಮುಂದೆ, ಇನ್ನೊಂದು ಅರ್ಧ ಮೀಟರಿನಷ್ಟು ಹಿಂದೆ, ಎರಡೂ ಓರೆ. ಈ ಭಂಗಿಯಲ್ಲಿ ಕೂತು ಏಳುವಾಗ ಕಾಲುಗಳು ಬೂಟಿನೊಳಗೆ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೇ ವಾಲಬೇಕಾಗುತ್ತದೆ. ಬೂಟು ಸ್ವಲ್ಪ ಸಡಿಲಿಸಿ ಕೊಟ್ಟರೆ ಪಾದದ ಕೀಲಿನಲ್ಲಿ ಕೆಲಸ ಮುಗಿಯುತ್ತದೆ. ಕೊಡದಿದ್ದರೆ ಆ ತಿರುಚು ಮೇಲಕ್ಕೆ, ಮಂಡಿಗೆ ಹೋಗುತ್ತದೆ. ಮಂಡಿಗೆ ಪಕ್ಕಕ್ಕೆ ಬಗ್ಗುವ ಅಭ್ಯಾಸವಿಲ್ಲ. ಆ ಫೆಬ್ರವರಿಯಲ್ಲಿ ಕಚೇರಿಯ ಮೆಟ್ಟಿಲುಗಳನ್ನು ನಾನು ಇಳಿಯುತ್ತಿದ್ದ ರೀತಿ ನೋಡಿ ಸಹೋದ್ಯೋಗಿಗಳು ಬಿದ್ದೆಯಾ ಎಂದು ಕೇಳುತ್ತಿದ್ದರು. ಬಿದ್ದದ್ದಲ್ಲ ಮಾರಾಯರೇ, ಬೀಳದೆ ಇಳಿದದ್ದಕ್ಕೇ ಈ ಗತಿ.

ಬೋರ್ಡಿನ ಬೂಟಿನ ಹಿಂಬದಿಯಲ್ಲಿ ಒಂದು ಸಣ್ಣ ಹಿಡಿಕೆ ಇರುತ್ತದೆ. ಕಾಲು ಎಷ್ಟು ಮುಂದಕ್ಕೆ ಬಾಗಿ ನಿಲ್ಲಬೇಕೆಂಬುದನ್ನು ಅದರಿಂದ ಮೆಟ್ಟಿಲು ಮೆಟ್ಟಿಲಾಗಿ ಬದಲಿಸಬಹುದು, ನಡೆಯುವಾಗ ಪೂರ್ತಿ ಬಿಚ್ಚಲೂಬಹುದು. ಮುಂದಿನ ಕಾಲನ್ನು ತುಸು ನೆಟ್ಟಗೆ, ಹಿಂದಿನ ಕಾಲನ್ನು ಹೆಚ್ಚು ಬಾಗಿಸಿ ಇಡುತ್ತೇವೆ, ಏಕೆಂದರೆ ಹಿಂದಿನ ಮಂಡಿ ಮುಂದಕ್ಕೆ ಬಂದು ಒತ್ತಬೇಕು. ಸ್ಕೀ ಬೂಟಿನಲ್ಲಿ ಸಾಮಾನ್ಯವಾಗಿ ಎರಡೂ ಕಾಲಿಗೆ ಒಂದೇ ಬಾಗು, ಅದನ್ನು ಬಹುಮಟ್ಟಿಗೆ ಕಾರ್ಖಾನೆಯಲ್ಲೇ ನಿರ್ಧರಿಸಿರುತ್ತಾರೆ. ಇನ್ನು ಬೂಟಿನ ಮೇಲೆ ಬರೆದಿರುವ 100, 120, 130 ಎಂಬ ಬಿಗುವಿನ ಅಂಕಿಗಳನ್ನು ಹಿಡಿದು ವಾದಕ್ಕೆ ಬರುವವರಿದ್ದಾರೆ. ಆ ಅಂಕಿಗೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ ಅಳತೆಗೋಲಿಲ್ಲ. ಒಬ್ಬರ 110 ಇನ್ನೊಬ್ಬರ 130ರಷ್ಟು ಗಟ್ಟಿ ಇರಬಹುದು.

ಇಷ್ಟೆಲ್ಲ ಕೇಳಿದ ಮೇಲೂ ತಲೆಯಾಡಿಸದವರಿಗೆ ನಾನು ಎಸ್ಟರ್ ಲೆಡೆಟ್ಸ್ಕಾ ಹೆಸರು ಹೇಳುತ್ತೇನೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಈ ಚೆಕ್ ಹುಡುಗಿ ಫೆಬ್ರವರಿ 17ರಂದು ಸ್ಕೀಯ ಸೂಪರ್-ಜಿ ಓಟವನ್ನು ಸೆಕೆಂಡಿನ ನೂರರಲ್ಲೊಂದು ಭಾಗದ ಅಂತರದಲ್ಲಿ ಗೆದ್ದಳು. ಒಂದು ವಾರ ಬಿಟ್ಟು, 24ರಂದು, ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಮ್ ಚಿನ್ನವನ್ನೂ ಗೆದ್ದಳು. ಒಂದೇ ಚಳಿಗಾಲದ ಒಲಿಂಪಿಕ್ಸಿನಲ್ಲಿ ಎರಡು ಬೇರೆ ಸಲಕರಣೆಗಳ ಮೇಲೆ ಚಿನ್ನ ಗೆದ್ದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಒಂದೇ ಜೊತೆ ಬೂಟಿನಲ್ಲಿ ಎರಡೂ ಕೆಲಸ ಮುಗಿಸುವ ಹಕ್ಕು ಜಗತ್ತಿನಲ್ಲಿ ಯಾರಿಗಾದರೂ ಇದ್ದರೆ ಅದು ಆಕೆಗೆ. ಆಕೆಯೂ ಸ್ಕೀಗೆ ಸ್ಕೀ ಬೂಟು, ಬೋರ್ಡಿಗೆ ಬೋರ್ಡಿನ ಬೂಟು ಹಾಕಿಕೊಳ್ಳುತ್ತಾಳೆ.

ಈಗ ಒಂದು ಅಪಾಯದ ಮಾತು. “ಹಾಗಾದರೆ ಬೋರ್ಡಿಗೆ ಸ್ಕೀ ಬೈಂಡಿಂಗನ್ನೇ ತಿರುಪು ಹಾಕಿ ಕೂರಿಸಿದರೆ? ಬಿದ್ದಾಗ ಬಿಟ್ಟುಕೊಳ್ಳುತ್ತದಲ್ಲ?” ಎಂದು ಕೇಳಿದವರೂ ಇದ್ದಾರೆ, ಅದರಲ್ಲಿ ಒಬ್ಬರು ಮೆಕ್ಯಾನಿಕಲ್ ಎಂಜಿನಿಯರ್. ದಯವಿಟ್ಟು ಬೇಡ. ಸ್ಕೀ ಬೈಂಡಿಂಗ್ ಬಿಡುವುದು ಒಂದೊಂದು ಕಾಲಿಗೆ ಒಂದೊಂದು ಸ್ಕೀ ಇರುವ ಲೆಕ್ಕದಲ್ಲಿ. ಒಂದೇ ಹಲಗೆಗೆ ಎರಡೂ ಕಾಲು ಕಟ್ಟಿಕೊಂಡಾಗ ಒಂದು ಬಿಟ್ಟು ಇನ್ನೊಂದು ಬಿಡದಿದ್ದರೆ, ಅಷ್ಟು ಉದ್ದದ ಸನ್ನೆಕೋಲಿಗೆ ಕಟ್ಟಿದ ಒಂಟಿ ಕಾಲು ನಿಮ್ಮದಾಗುತ್ತದೆ. ಫಲಕದ ಬೈಂಡಿಂಗ್ ಬಿದ್ದಾಗ ಬಿಡುವುದಿಲ್ಲ, ಬಿಡಲೂಬಾರದು. ಅದೇ ಕಾರಣಕ್ಕೆ ಎತ್ತರದ ಗಟ್ಟಿ ಸ್ಕೀ ಬೂಟಿನಲ್ಲಿ ಬಿದ್ದ ಪೆಟ್ಟು ಪಾದದ ಕೀಲನ್ನು ದಾಟಿ ಮಂಡಿಗೂ ಕಣಕಾಲ ಮೂಳೆಗೂ ಏರುತ್ತದೆ.

ಬೆಟ್ಟ ಹತ್ತಿ ಸ್ಕೀ ಮಾಡುವವರ ಟೂರಿಂಗ್ ಬೂಟು ಇದ್ದವರ ಮಾತು ಸ್ವಲ್ಪ ಬೇರೆ. ಅದು ಹಗುರ, ಅದರ ಮೇಲ್ಭಾಗ ಹಿಂದೆ ಮುಂದೆ ಚೆನ್ನಾಗಿ ಆಡುತ್ತದೆ. ಎರಡಾಗಿ ಸೀಳಿ ಹತ್ತುವ ಸ್ಪ್ಲಿಟ್‌ಬೋರ್ಡಿನವರಲ್ಲಿ ಹಲವರು ಅದನ್ನೇ ಮೆಚ್ಚುತ್ತಾರೆ. ಆದರೆ ಅದರ ಅಟ್ಟೆ ನಡೆಯಲು ಅನುಕೂಲವಾಗುವಂತೆ ತೊಟ್ಟಿಲ ಕಾಲಿನ ಹಾಗೆ ಬಾಗಿರುತ್ತದೆ, ಚಪ್ಪಟೆ ಫಲಕದ ಮೇಲೆ ಅಲುಗಾಡದೆ ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಗ್ರಿಪ್‌ವಾಕ್ ಎಂದು ಬರೆದಿರುವ ಈಚಿನ ಸ್ಕೀ ಬೂಟುಗಳಿಗೂ ಇದೇ ಎಚ್ಚರಿಕೆ.

ಒಂದು ದಿನದ ಪರೀಕ್ಷೆಗೆ ಹೊರಟವರು ಮೇಲಿನ ಎರಡು ಬಕಲ್ಲುಗಳನ್ನು ಸಡಿಲ ಬಿಡಿ, ಇಳಿಜಾರು ಚಪ್ಪಟೆಯಾಗಿರಲಿ, ಹೆಚ್ಚು ವಾಲಬೇಡಿ. ಇಷ್ಟವಾದರೆ ಬೋರ್ಡಿನ ಹಳೆಯ ಬೂಟು ಹುಡುಕಿ. ಕೊಳ್ಳುವಾಗ ಒಳಬೂಟನ್ನು ತೆಗೆದು ಬರೀ ಚಿಪ್ಪಿನೊಳಗೆ ಪಾದವಿಟ್ಟು, ಬೆರಳುಗಳು ಮುಂದೆ ತಾಗುವಂತೆ ನಿಂತು, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯಿತೆಂದು ನೋಡಿ. ಎರಡು ಬೆರಳು ಹಿಡಿದರೆ ಸರಿ, ಇಡೀ ಅಂಗೈ ಹೋದರೆ ಬಿಟ್ಟುಬನ್ನಿ. ಇನ್ನೊಂದು ವಿಷಯ: 1990ರ ದಶಕದ ಬೂಟುಗಳು ಪೆಟ್ಟಿಗೆಯಿಂದ ಈಗ ತೆಗೆದ ಹಾಗೆ ಹೊಳೆಯುತ್ತಾ ಮಾರಾಟಕ್ಕೆ ಬರುತ್ತವೆ. ಪಾಲಿಯುರೆಥೇನ್ ಪ್ಲಾಸ್ಟಿಕ್ ಬಳಸದೆ ಇಟ್ಟರೂ ಗಾಳಿಯ ತೇವಕ್ಕೇ ಒಳಗಿಂದ ಹಳಸುತ್ತದೆ. ಒಂದು ದಿನ ಬಕಲ್ಲು ಬಿಗಿಯುವಾಗ ಹಪ್ಪಳದಂತೆ ಮುರಿಯುತ್ತದೆ. ಅದು ಇಳಿಜಾರಿನ ನಡುವೆ ಆದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ.

ಇಲ್ಲಿಗೆ ಮುಗಿಸಿದರೆ ನನ್ನ ಹೆಂಡತಿ ಸುಮ್ಮನಿರುವುದಿಲ್ಲ. ಅವಳದು ಚಿಕ್ಕ ಪಾದ. ಸ್ಕೀ ಬೂಟಿನ ಅಟ್ಟೆ 275 ಮಿಲಿಮೀಟರ್, ಎಂದರೆ ನನ್ನ ಬೋರ್ಡಿನ ಬೂಟಿಗಿಂತಲೂ ಗಿಡ್ಡ. ಬೂಟು ಮೊದಲೇ ಮೆತ್ತನೆಯದು, ಹತ್ತು ವರ್ಷ ಬಳಸಿ ಇನ್ನಷ್ಟು ಮೆತ್ತಗಾಗಿದೆ. ನನ್ನ ಹಳೆಯ ಬೋರ್ಡಿನ ಮೇಲೆ ಅದನ್ನೇ ಹಾಕಿಕೊಂಡು ಮೂರನೆಯ ಚಳಿಗಾಲ ಇಳಿಯುತ್ತಿದ್ದಾಳೆ. ಮೂತಿ ತಾಗಿಲ್ಲ, ಮಂಡಿ ನೊಂದಿಲ್ಲ. ಯುಗಾದಿ ಊಟದಲ್ಲಿ ಹುಡುಗರು ನನ್ನನ್ನು ಕೇಳಿ ಮುಗಿಸಿದ ಮೇಲೆ ಅವಳು ಹೋಳಿಗೆಗೆ ತುಪ್ಪ ಬಡಿಸುತ್ತಾ, “ನಿನ್ನ ಬೂಟಿನ ಮೇಲೆ ಎಷ್ಟು ಬರೆದಿದೆಯಪ್ಪಾ?” ಎಂದು ಕೇಳುತ್ತಾಳೆ. 280ರ ಒಳಗೆ ಎಂದರೆ, “ಇವರ ಮಾತು ಕೇಳಬೇಡ, ಶನಿವಾರ ನಮ್ಮ ಕಾರಿನಲ್ಲಿ ಬಾ” ಎನ್ನುತ್ತಾಳೆ.