ಅರ್ಧ ಗಂಟೆಯೊಳಗಿನ ಅಬ್ಬರ: ಈಚಿನ ಪಂಕ್, ಹಾರ್ಡ್‌ಕೋರ್ ಆಲ್ಬಮ್‌ಗಳು

ಪಂಕ್ ರಾಕ್‌ನ ಇನ್ನೂ ವೇಗದ, ಭಾರದ ರೂಪವೇ ಹಾರ್ಡ್‌ಕೋರ್. ಹೊಸ ಹಾರ್ಡ್‌ಕೋರ್ ಆಲ್ಬಮ್ ಸಿಕ್ಕಾಗ ಮೊದಲು ನೋಡಬೇಕಾದ್ದು ಹಾಡುಗಳ ಹೆಸರಲ್ಲ, ಒಟ್ಟು ಅವಧಿ. ಮೂವತ್ತು ನಿಮಿಷದೊಳಗೆ ಇದ್ದರೆ ತಂಡಕ್ಕೆ ತನ್ನ ಕೆಲಸ ಗೊತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು. ವೇಗವೂ ಕಿರುಚಾಟವೂ ಕಿವಿಗೆ ಬೇಗ ಒಗ್ಗಿಹೋಗುತ್ತವೆ. ಒಗ್ಗಿದ ಮೇಲೆ ಎಂಥ ಭಾರದ ಬ್ರೇಕ್‌ಡೌನ್ (ಹಾಡಿನ ನಡೆ ಏಕಾಏಕಿ ನಿಧಾನವಾಗುವ ಭಾಗ) ಬಂದರೂ ನಾಟುವುದಿಲ್ಲ. ಕಿವಿ ಒಗ್ಗದಂತೆ ನೋಡಿಕೊಳ್ಳಲು ಇರುವುದು ಎರಡೇ ದಾರಿ: ಒಗ್ಗುವ ಮೊದಲೇ ಮುಗಿಸಿಬಿಡುವುದು, ಇಲ್ಲವೇ ನಡುವೆ ಪೂರ್ತಿ ಬೇರೆಯದೇ ಸದ್ದು ತರುವುದು. 2021ರಿಂದ ಈಚೆಗೆ ಬಂದ ಒಳ್ಳೆಯ ಆಲ್ಬಮ್‌ಗಳೆಲ್ಲ ಈ ಎರಡರಲ್ಲಿ ಒಂದು ದಾರಿ ಹಿಡಿದವು.

ಮೊದಲ ದಾರಿಗೆ ಜೆಲ್ ತಂಡದ ‘ಓನ್ಲಿ ಕಾನ್‌ಸ್ಟಂಟ್’ (2023) ಒಳ್ಳೆಯ ಮಾದರಿ. ನ್ಯೂಜೆರ್ಸಿಯ ತಂಡ, ಹತ್ತು ಟ್ರ್ಯಾಕ್, ಒಟ್ಟು ಹದಿನಾರು ನಿಮಿಷದ ಆಸುಪಾಸು. ಪೀಠಿಕೆ ಇಲ್ಲ, ರಿಫ್ (ಮರುಕಳಿಸುವ ಗಿಟಾರ್ ತುಣುಕು) ಶುರುವಾದರೆ ಆಯಿತು. ಅದೇ ವರ್ಷ ಫಿಲಡೆಲ್ಫಿಯಾದ ಜೀಸಸ್ ಪೀಸ್ ತಂದ ‘ಸೋ ಅನ್‌ನೋನ್’ ಇದಕ್ಕಿಂತ ನಿಧಾನ, ಆದರೆ ಬಹಳ ಭಾರ. ಮೆಟಲ್ ಕಡೆಯಿಂದ ಬರುವವರಿಗೆ ಒಳಬರಲು ಸುಲಭದ ಬಾಗಿಲು.

ಈ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ಕೆಂಟಕಿಯ ನಾಕ್ಡ್ ಲೂಸ್ ತಂಡದ ‘ಯೂ ವೋಂಟ್ ಗೋ ಬಿಫೋರ್ ಯೂ ಆರ್ ಸಪೋಸ್ಡ್ ಟು’ (ಮೇ 2024). ಹತ್ತು ಹಾಡು, ಸುಮಾರು 27 ನಿಮಿಷ, ನಿರ್ಮಾಪಕ ಡ್ರೂ ಫಲ್ಕ್. ಬ್ರೇಕ್‌ಡೌನ್ ಅಂದರೆ ಏನೆಂದು ತಿಳಿಯದವರು ಇದನ್ನು ಎಣಿಸುತ್ತಾ ಕೇಳಬೇಕು. ವೇಗದ ಭಾಗದಲ್ಲಿ ಒಂದು-ಎರಡು-ಮೂರು-ನಾಲ್ಕು ಎಂದು ಎಣಿಸಿದರೆ ಸ್ನೇರ್ (ಚಟ್ಟನೆ ಸಿಡಿಯುವ ಡ್ರಮ್) ಪೆಟ್ಟು ಸಾಮಾನ್ಯವಾಗಿ ಎರಡು ಮತ್ತು ನಾಲ್ಕಕ್ಕೆ ಬೀಳುತ್ತದೆ. ಬ್ರೇಕ್‌ಡೌನ್ ಬಂದಾಗ ಎಣಿಕೆಯ ವೇಗ ಬದಲಾಗದಿದ್ದರೂ ಸ್ನೇರ್ ಮೂರಕ್ಕೆ ಮಾತ್ರ ಬೀಳುತ್ತದೆ. ಹಾಡಿನ ನಡೆ ಅರ್ಧಕ್ಕೆ ಕುಸಿದಂತೆ ಅನ್ನಿಸುವುದು ಇದರಿಂದಲೇ. ಗಾಯಕಿ ಪಾಪಿ (Poppy) ದನಿಗೂಡಿಸಿದ ‘ಸಫೊಕೇಟ್’ ಹಾಡಿನ ಕೊನೆಗೆ ಈ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬ್ರೇಕ್‌ಡೌನನ್ನು ಲ್ಯಾಟಿನ್ ಅಮೆರಿಕದ ನೃತ್ಯಸಂಗೀತವಾದ ರೆಗೆಟನ್‌ನ ತಾಳದ ಮೇಲೆ ಕೂರಿಸಿದೆ. ಎಂಟರ ಎಣಿಕೆಯನ್ನು 3-3-2 ಎಂದು ಒಡೆದು ಕೇಳಿ, ತಕ್ಷಣ ಸಿಕ್ಕುತ್ತದೆ. ಓದಿದರೆ ಕುಚೋದ್ಯ ಅನ್ನಿಸಬಹುದು, ಕೇಳಿದರೆ ಹಾಗಿಲ್ಲ.

ಎರಡನೆಯ ದಾರಿಯ ಮಾತು ಬಂದರೆ ಟರ್ನ್‌ಸ್ಟೈಲ್ ಹೆಸರು ಬಿಟ್ಟು ಮುಂದೆ ಹೋಗುವಂತಿಲ್ಲ. ಬಾಲ್ಟಿಮೋರ್‌ನ ಈ ತಂಡದ ‘ಗ್ಲೋ ಆನ್’ (ಆಗಸ್ಟ್ 2021) ಹದಿನೈದು ಹಾಡುಗಳ, ಸುಮಾರು 35 ನಿಮಿಷಗಳ ಆಲ್ಬಮ್. ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಲ್ಯಾಟಿನ್ ತಾಳವಾದ್ಯ, ಗಾಯಕ ಬ್ಲಡ್ ಆರೆಂಜ್‌ನ ಮೆಲುದನಿ ಎಲ್ಲ ಇದ್ದರೂ ಡ್ರಮ್ ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಜೂನ್ 2025ರ ‘ನೆವರ್ ಎನಫ್’ ಆಲ್ಬಮನ್ನು ಹಾಡುಗಾರ ಬ್ರೆಂಡನ್ ಯೇಟ್ಸ್ ತಾನೇ ನಿರ್ಮಿಸಿದ. ಹಾಡು ಹದಿನಾಲ್ಕು, ಅವಧಿ ಸುಮಾರು 45 ನಿಮಿಷ. ಹಾಡು ಕಡಿಮೆಯಾಗಿ ಹತ್ತು ನಿಮಿಷ ಹೆಚ್ಚಾಯಿತು ಎಂದರೆ ಆ ಹತ್ತು ನಿಮಿಷ ಎಲ್ಲಿ ಹೋಯಿತು? ಬಹುಪಾಲು ಹಾಡುಗಳ ಬಾಲಕ್ಕೆ ಅಂಟಿಸಿದ ತೇಲುವ ಸಿಂಥ್ ಭಾಗಗಳಿಗೆ. ಅವು ಕೇಳಲು ಹಿತವಾಗಿಯೇ ಇವೆ. ಆದರೆ ಮುಂದಿನ ಹಾಡಿನ ಮೊದಲ ಪೆಟ್ಟಿಗೆ ಮೊದಲು ಕಿವಿ ಕಾದು ಕಾದು ಸುಸ್ತಾಗುತ್ತದೆ. ಬಹಳ ಜನ ಒಪ್ಪಲಿಕ್ಕಿಲ್ಲ, ಆದರೂ ಎರಡರಲ್ಲಿ ‘ಗ್ಲೋ ಆನ್’ ಮೇಲು.

ಬೇರೆ ಸದ್ದು ಯಾವಾಗ ನಾಟುತ್ತದೆ ಎಂಬುದನ್ನು ಪರೀಕ್ಷಿಸಲು ಒಂದು ಅನುಕೂಲದ ಜೋಡಿ ಹಾಡು ಇದೆ, ಎರಡರಲ್ಲೂ ಫ್ಲೂಟ್ ಬರುತ್ತದೆ. ‘ನೆವರ್ ಎನಫ್’ನ ‘ಸನ್‌ಶವರ್’ ಹಾಡಿನಲ್ಲಿ ನುಡಿಸಿರುವುದು ಜ್ಯಾಝ್ ಕಲಾವಿದ ಶಬಾಕಾ ಹಚಿಂಗ್ಸ್. ವೇಗದ ಹಾಡು ಮುಗಿದು, ಗದ್ದಲವೆಲ್ಲ ಕರಗಿದ ಮೇಲೆ ಫ್ಲೂಟ್ ನಿರಾಳವಾಗಿ ತೇಲುತ್ತದೆ. ಇನ್ನೊಂದು ಸಿಡ್ನಿಯ ಸ್ಪೀಡ್ ತಂಡದ ‘ಓನ್ಲಿ ಒನ್ ಮೋಡ್’ (ಜುಲೈ 2024) ಆಲ್ಬಮ್‌ನ ‘ದ ಫಸ್ಟ್ ಟೆಸ್ಟ್’. ಇಲ್ಲಿ ನುಡಿಸುವವನು ಹಾಡುಗಾರ ಜೆಮ್ ಸಿಯೌ ತಾನೇ. ಶಾಸ್ತ್ರೀಯವಾಗಿ ಕಲಿತವನು, ಫ್ಲೂಟ್ ಪಾಠ ಹೇಳುವವನು. ಫ್ಲೂಟ್ ಬಂದು ಮುಗಿಯುತ್ತಿದ್ದಂತೆ ಬ್ರೇಕ್‌ಡೌನ್ ಬೀಳುತ್ತದೆ. ಒಂದರಲ್ಲಿ ಫ್ಲೂಟ್ ವಿಶ್ರಾಂತಿ, ಇನ್ನೊಂದರಲ್ಲಿ ಪೆಟ್ಟಿಗೆ ಮೊದಲು ಕೈ ಎತ್ತಿದ ಹಾಗೆ. ಹೊರಗಿನ ವಾದ್ಯ ಯಾವುದು ಎನ್ನುವುದಕ್ಕಿಂತ ಅದನ್ನು ಎಲ್ಲಿ ಇಟ್ಟರು ಎನ್ನುವುದೇ ಮುಖ್ಯ. ‘ಓನ್ಲಿ ಒನ್ ಮೋಡ್’ ಇಪ್ಪತ್ತೈದು ನಿಮಿಷವೂ ಇಲ್ಲ ಎನ್ನುವುದು ಬೇರೆ.

ಅವಧಿಯ ನಿಯಮ ಮುರಿದೂ ಗೆದ್ದ ಆಲ್ಬಮ್ ಎಂದರೆ ಸೋಲ್ ಗ್ಲೋ ತಂಡದ ‘ಡಯಾಸ್ಪೊರಾ ಪ್ರಾಬ್ಲಮ್ಸ್’ (ಮಾರ್ಚ್ 2022). ಹನ್ನೆರಡು ಹಾಡು, ನಲವತ್ತು ನಿಮಿಷದ ಹತ್ತಿರ. ಹಾಡುಗಾರ ಪಿಯರ್ಸ್ ಜೋರ್ಡನ್ ಒಂದು ಉಸಿರಿಗೆ ತುಂಬುವ ಪದಗಳ ರಾಶಿ ನೋಡಿದರೆ ಮೊದಲ ಸಲ ಅರ್ಧವೂ ಕಿವಿಗೆ ಬೀಳುವುದಿಲ್ಲ, ಸಾಹಿತ್ಯವನ್ನು ಮುಂದಿಟ್ಟುಕೊಂಡೇ ಕೇಳಬೇಕು. ನಲವತ್ತು ನಿಮಿಷ ತಾಳಿಕೊಳ್ಳುವುದು ಹೇಗೆಂದರೆ, ‘ಥಂಬ್‌ಸಕರ್’ನಲ್ಲಿ ಹಿತ್ತಾಳೆ ವಾದ್ಯಗಳು ನುಗ್ಗುತ್ತವೆ, ‘ಡ್ರಿಪನಾಮಿಕ್ಸ್’ ಹಿಪ್‌ಹಾಪ್ ಕಡೆ ವಾಲುತ್ತದೆ, ಕೊನೆಯ ಹಾಡಿಗೆ ಮೆಕಿನ್ಲಿ ಡಿಕ್ಸನ್ ರ‍್ಯಾಪ್ ಕೂಡುತ್ತದೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನೆಲ ಬದಲಾಗುತ್ತದೆ. ಲಾಸ್ ಏಂಜಲೀಸ್‌ನ ಜುಲು ತಂಡ ‘ಎ ನ್ಯೂ ಟುಮಾರೊ’ (2023) ಆಲ್ಬಮ್‌ನಲ್ಲಿ ಇದೇ ಕೆಲಸವನ್ನು ಹದಿನೈದು ತುಣುಕುಗಳಲ್ಲಿ ಮಾಡಿದೆ: ಪವರ್‌ವಯಲೆನ್ಸ್‌ನ (ಅತಿವೇಗದ, ಅತಿ ಚಿಕ್ಕ ಹಾಡುಗಳ ಹಾರ್ಡ್‌ಕೋರ್) ಒಂದು ಸ್ಫೋಟ, ಆಮೇಲೆ ಸೋಲ್ ಸಂಗೀತ ಅಥವಾ ಜ್ಯಾಝ್‌ನ ಒಂದು ತಂಪು ತುಣುಕು. ಈ ಆಲ್ಬಮ್‌ನಲ್ಲೂ ಪಿಯರ್ಸ್ ಜೋರ್ಡನ್ ಒಂದು ಹಾಡಿಗೆ ದನಿ ಕೊಟ್ಟಿದ್ದಾನೆ.

ರಾಗದ ಕಡೆ ಸರಿದವರೂ ಇದ್ದಾರೆ. ಮಿಲಿಟರಿ ಗನ್‌ನ ‘ಲೈಫ್ ಅಂಡರ್ ದ ಗನ್’ (2023), ಡ್ರಗ್ ಚರ್ಚ್‌ನ ‘ಪ್ರೂಡ್’ (2024), ಹೈ ವಿಸ್‌ನ ‘ಗೈಡೆಡ್ ಟೂರ್’ (2024) ಮೂರನ್ನೂ ಕಣ್ಣುಮುಚ್ಚಿ ಹೇಳಬಹುದು. ಲಂಡನ್ನಿನ ಹೈ ವಿಸ್ ‘ಮೈಂಡ್ಸ್ ಎ ಲೈ’ ಹಾಡಿನಲ್ಲಿ ಹೌಸ್ ಎಂಬ ಕ್ಲಬ್ ನೃತ್ಯಸಂಗೀತದ ಹೆಣ್ಣುದನಿಯನ್ನು ಗಿಟಾರ್‌ಗಳ ನಡುವೆ ಕೂರಿಸಿರುವ ರೀತಿ ಬೆರಗಿನದು. ಸ್ಕೌಲ್‌ನ ‘ಆರ್ ವಿ ಆಲ್ ಏಂಜಲ್ಸ್’ (2025) ಅಷ್ಟಕ್ಕಷ್ಟೆ. ಕ್ಯಾಟ್ ಮಾಸ್ ಚೆನ್ನಾಗಿ ಹಾಡುತ್ತಾಳೆ, ಆದರೆ 2021ರ ಚೊಚ್ಚಲ ಆಲ್ಬಮ್‌ನಲ್ಲಿದ್ದ ಹರಿತ ಇಲ್ಲಿನ ಮಿಕ್ಸ್‌ನಲ್ಲಿ (ಸದ್ದುಗಳನ್ನು ಬೆರೆಸಿದ ರೀತಿಯಲ್ಲಿ) ಕರಗಿಹೋಗಿದೆ. ನೇರ ಪಂಕ್ ಬೇಕಾದವರಿಗೆ ಮೆಲ್ಬರ್ನ್‌ನ ಆಮಿಲ್ ಅಂಡ್ ದ ಸ್ನಿಫರ್ಸ್ ತಂದ ‘ಕಾರ್ಟೂನ್ ಡಾರ್ಕ್‌ನೆಸ್’ (ಅಕ್ಟೋಬರ್ 2024), ಬ್ರೈಟನ್‌ನ ಲ್ಯಾಂಬ್ರಿನಿ ಗರ್ಲ್ಸ್ ತಂದ ‘ಹೂ ಲೆಟ್ ದ ಡಾಗ್ಸ್ ಔಟ್’ (ಜನವರಿ 2025). ಎರಡನೆಯದರಲ್ಲಿ ಪೊಲೀಸರಿಂದ ಹಿಡಿದು ಕಚೇರಿಯ ಕಿರುಕುಳದವರೆಗೆ ಎಲ್ಲರಿಗೂ ಉಗಿತವಿದೆ, ನಗುವೂ ಇದೆ.

ಧ್ವನಿಮುದ್ರಣದ ವಿಧಾನ ಗಮನಿಸುವವರಿಗೆ ಇನ್ನೆರಡು. ಗೌಜ್ ಅವೇ ತಂಡ ‘ಡೀಪ್ ಸೇಜ್’ (2024) ಆಲ್ಬಮನ್ನು ಜ್ಯಾಕ್ ಶರ್ಲಿ ಜೊತೆ ಎಲ್ಲರೂ ಒಟ್ಟಿಗೆ ನುಡಿಸಿ ನೇರ ಟೇಪಿಗೆ ಇಳಿಸಿತು. ಡ್ರಮ್ ಮೈಕಿಗೆ ಗಿಟಾರ್ ಸೋರುವುದು, ಕೋಣೆಯ ಗಾಳಿ, ಎಲ್ಲ ಕೇಳಿಸುತ್ತದೆ. ಟೊರಾಂಟೊದ ಫಕ್ಡ್ ಅಪ್ ತಂಡದ ‘ಒನ್ ಡೇ’ (2023) ಮುದ್ರಣಕ್ಕೆ ಇದ್ದ ಕರಾರು, ಪ್ರತಿಯೊಬ್ಬರೂ ತಮ್ಮ ಭಾಗವನ್ನು 24 ಗಂಟೆಯಲ್ಲಿ ಮುಗಿಸಬೇಕು ಎಂಬುದು. 2011ರಲ್ಲಿ ಹದಿನೆಂಟು ಹಾಡುಗಳ, 78 ನಿಮಿಷದ ಕಥಾ ಆಲ್ಬಮ್ ಮಾಡಿದವರು ಇವರೇ. ಕೈಗೆ ಸಿಕ್ಕ ಸಮಯ ಕಡಿಮೆಯಾದಾಗ ಹಾಡುಗಳು ಬಿಗಿಯಾದವು.

ಇನ್ನು ಕೇಳುವ ವಿಧಾನ, ಏಕೆಂದರೆ ಇಲ್ಲಿ ಬಹಳಷ್ಟು ಹಾಳಾಗುತ್ತದೆ. ಆ್ಯಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯ ಮೇಲೆ ಮುಂದಿನದರ ಮೊದಲನ್ನು ಹೊದಿಸುವ ಸೌಲಭ್ಯ) ಆಫ್ ಮಾಡಿ. ಈ ಹಾಡುಗಳು ಕತ್ತರಿಸಿದಂತೆ ನಿಲ್ಲುತ್ತವೆ. ಐದು ಸೆಕೆಂಡಿನ ಕ್ರಾಸ್‌ಫೇಡ್ ಇದ್ದರೆ ಆ ನಿಲುಗಡೆಯೇ ಇರುವುದಿಲ್ಲ, ಒಂದೂವರೆ ನಿಮಿಷದ ಹಾಡಿನಲ್ಲಿ ಹತ್ತು ಸೆಕೆಂಡು ಕಲಸಿಹೋಗುತ್ತದೆ. ಶಫಲ್ ಬೇಡ. ಸದ್ದಿನ ಮಟ್ಟ ಸಮ ಮಾಡುವ ನಾರ್ಮಲೈಸೇಶನ್ ಕೆಲವು ಆ್ಯಪ್‌ಗಳಲ್ಲಿ ಆಲ್ಬಮನ್ನು ಸಾಲಾಗಿ ಹಾಕಿದಾಗ ಇಡೀ ಆಲ್ಬಮಿಗೆ ಒಂದೇ ಅಳತೆ ಹಿಡಿಯುತ್ತದೆ, ಶಫಲ್‌ನಲ್ಲಿ ಹಾಡು ಹಾಡಿಗೂ ಬೇರೆ. ಆಗ ಜುಲುವಿನ ಮೆದು ತುಣುಕೂ ಬ್ರೇಕ್‌ಡೌನೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಬಾಸ್ ಬೂಸ್ಟ್ ಕೂಡ ಬೇಡ: ತಗ್ಗಿಸಿ ಶ್ರುತಿ ಮಾಡಿದ ಗಿಟಾರ್, ಬಾಸ್ ಗಿಟಾರ್, ಕಿಕ್ ಡ್ರಮ್ ಮೂರೂ ಆಗಲೇ ಕೆಳಗಿನ ಸ್ವರಗಳಲ್ಲಿ ಒತ್ತಿಕೊಂಡಿವೆ. ಸದ್ದು ರಾಡಿ ಅನ್ನಿಸಿದರೆ ಈಕ್ವಲೈಜರ್‌ನಲ್ಲಿ 250 ಹರ್ಟ್ಸ್ ಸುತ್ತ 2-3 ಡೆಸಿಬೆಲ್ ಇಳಿಸಿ ನೋಡಿ, ಕಿಕ್ ಬಿಡಿಯಾಗಿ ಕೇಳಿಸುತ್ತದೆ.

ವಿನೈಲ್ ಕೊಳ್ಳುವವರಿಗೆ ಚಿಕ್ಕ ಆಲ್ಬಮ್ ಇನ್ನೂ ಲಾಭ. ಹನ್ನೆರಡು ಇಂಚಿನ ತಟ್ಟೆಯ ಒಂದು ಬದಿಗೆ 45 ಆರ್‌ಪಿಎಂನಲ್ಲಿ ಸುಮಾರು 12ರಿಂದ 15 ನಿಮಿಷ ಹಿಡಿಯುತ್ತದೆ. ವೇಗ ಹೆಚ್ಚಿದಷ್ಟೂ ಸಿಂಬಲ್‌ನಂಥ ಮೇಲಿನ ಸದ್ದು ಸ್ಪಷ್ಟ. ಬದಿ ಉದ್ದವಾದಷ್ಟೂ ಗೀರುಗಳನ್ನು ಒತ್ತಾಗಿ, ಹಾಗಾಗಿ ಮೆಲ್ಲಗೆ ಕೊರೆಯಬೇಕಾಗುತ್ತದೆ. ಒಳಗಿನ ಸುತ್ತಿಗೆ ಬರುವ ಕೊನೆಯ ಹಾಡಿನಲ್ಲಿ ಸಿಂಬಲ್ ಚರಚರ ಅನ್ನುವುದೂ ಆಗಲೇ. ಕೊಳ್ಳುವ ಮೊದಲು ಲೇಬಲ್ ಮೇಲೆ ವೇಗ ಯಾವುದೆಂದು ನೋಡಿ, 45ರದನ್ನು 33ಕ್ಕೆ ಹಾಕಿ ಕೇಳಿದರೆ ಎಂಥ ಹಾರ್ಡ್‌ಕೋರ್ ತಟ್ಟೆಯೂ ತೆವಳುವ ವೇಗದ ಡೂಮ್ ಮೆಟಲ್ ಆಗುತ್ತದೆ.

ಹೊಸಬರು ಸ್ಪೀಡ್‌ನಿಂದ ಶುರು ಮಾಡಿ ‘ಗ್ಲೋ ಆನ್’ ಕೇಳಿ, ಆಮೇಲೆ ನಾಕ್ಡ್ ಲೂಸ್‌ಗೆ ಹೋಗಬಹುದು. ಸೋಲ್ ಗ್ಲೋ ಬಿಡುವಿದ್ದ ದಿನಕ್ಕೆ. ಹಳಬರು ಮಾತ್ರ ನೇರವಾಗಿ ಡೆಡ್‌ಗೈ ತಂಡದ ಹತ್ತಿರ ಹೋಗಲಿ: 1995ರ ಆಲ್ಬಮ್ ಆದ ಮೇಲೆ ಮೂವತ್ತು ವರ್ಷ ಬಿಟ್ಟು 2025ರಲ್ಲಿ ‘ನಿಯರ್-ಡೆತ್ ಟ್ರಾವೆಲ್ ಸರ್ವಿಸಸ್’ ತಂದಿದ್ದಾರೆ, ಸಿಟ್ಟು ಒಂದಿಷ್ಟೂ ಇಳಿದಿಲ್ಲ.