ಕೈಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ

ತೀರ್ಥಹಳ್ಳಿ ಹತ್ತಿರ ಒಂದು ಕೊಯ್ಲಾದ ಗದ್ದೆ. ಫೆಬ್ರವರಿಯ ಭಾನುವಾರ. ಬೇಲಿ ಗಿಡಗಳ ಮೇಲೆಲ್ಲ ಬೆಳಿಗ್ಗೆಯೇ ಕೆಂಪು ಧೂಳು ಕೂತಿತ್ತು. ಆಟೋಕ್ರಾಸ್‌ನಲ್ಲಿ ಒಂದು ಸಲಕ್ಕೆ ಒಂದೇ ಕಾರು. ಕೋನ್‌ಗಳ ನಡುವೆ ಓಡಿಸಬೇಕು, ಪೈಪೋಟಿ ಏನಿದ್ದರೂ ಸಮಯದ ಜೊತೆ.

ಚಿಕ್ಕಪ್ಪನ ಹಳೇ ಮಾರುತಿ 800ರಲ್ಲಿ ಹೆಲ್ಮೆಟ್ ಹಾಕಿ ಕೂತಾಗ ನನಗೆ ಧೈರ್ಯವೇ ಇತ್ತು. ಎಂಟು ತಿಂಗಳು ಶಿವಮೊಗ್ಗದ ರೂಮಿನಲ್ಲಿ ದಿನಾ ರಾತ್ರಿ ಸಿಮ್ಯುಲೇಟರ್ ಓಡಿಸಿದ್ದೆ. ರಿಚರ್ಡ್ ಬರ್ನ್ಸ್ ರ‍್ಯಾಲಿ ಅಂತ ಒಂದು ಕಂಪ್ಯೂಟರ್ ಗೇಮ್, 2004ರದ್ದು. ನೋಡಲು ಹಳತು. ಆದರೆ ಮಣ್ಣಿನ ಮೇಲೆ ಟೈರು ಜಾರುವುದನ್ನು ಅಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದನ್ನು ನಾನು ಕಂಡಿಲ್ಲ. ಯಾನ್ ಮಾರ್ಡನ್‌ಬರೋ 2011ರಲ್ಲಿ ಗ್ರ್ಯಾನ್ ಟುರಿಸ್ಮೊ ಎಂಬ ಕಾರ್ ರೇಸ್ ಗೇಮ್ ಆಡುವವರ ಸ್ಪರ್ಧೆ ಗೆದ್ದು, 2013ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆ ರೇಸಿಗೇ ಇಳಿದರು. ಅವರ ಕಥೆ ಓದಿಯೇ ನಾನು ಸ್ಟೀರಿಂಗ್, ಪೆಡಲ್ ಕೊಂಡಿದ್ದು.

ಮೊದಲ ತಿರುವಿನಲ್ಲೇ ಸ್ಟೀರಿಂಗ್ ತಟ್ಟನೆ ಹಗುರಾಯಿತು. ಪವರ್ ಸ್ಟೀರಿಂಗ್ ಇಲ್ಲದ ಕಾರು. ಮುಂದಿನ ಟೈರು ಹಿಡಿತ ಬಿಟ್ಟರೆ ಕೈಗೆ ನೇರ ಗೊತ್ತಾಗುತ್ತದೆ. ಸಿಮ್ಯುಲೇಟರಿನ ಸ್ಟೀರಿಂಗ್ ಕೂಡ ಒಳಗಿನ ಮೋಟಾರಿನಿಂದ ಹೀಗೇ ಹಗುರಾಗುತ್ತಿತ್ತು. ಮೊದಲಾಗಿದ್ದರೆ ಗಾಬರಿಯಲ್ಲಿ ಇನ್ನೂ ಜಾಸ್ತಿ ತಿರುಗಿಸುತ್ತಿದ್ದೆ, ಕಾರು ನೇರಕ್ಕೇ ಹೋಗುತ್ತಿತ್ತು. ಈಗ ಯೋಚಿಸುವ ಮೊದಲೇ ಆಕ್ಸಿಲರೇಟರ್ ಸ್ವಲ್ಪ ಬಿಟ್ಟೆ. ಭಾರ ಮುಂದಕ್ಕೆ ಬಂತು, ಟೈರು ಮಣ್ಣು ಕಚ್ಚಿತು, ಮೂತಿ ಒಳಗೆ ತಿರುಗಿತು. ಖುಷಿಗೆ ಹೆಲ್ಮೆಟ್ ಒಳಗೇ ಕೂಗಿಬಿಟ್ಟೆ!

ಮೂರನೇ ತಿರುವಿಗೆ ಬ್ರೇಕ್ ಒತ್ತುವಾಗ ಹಳೇ ಬದುವಿನ ಉಬ್ಬು ಸಿಕ್ಕಿತು. ಕಾರು ಕುಪ್ಪಳಿಸಿತು, ಮೈ ಮುಂದಕ್ಕೆ ಜಾರಿತು, ಅದರ ಜೊತೆ ಕಾಲೂ. ಜೋರು ಬ್ರೇಕಿಗೆ ಚಕ್ರ ನಿಂತುಹೋಗದಂತೆ ತಡೆಯುವ ಎಬಿಎಸ್ ಈ ಕಾರಿಗಿಲ್ಲ. ಚಕ್ರ ಲಾಕ್ ಆಗಿ ಎರಡು ಕೋನ್ ಮಲಗಿದವು. ಒಂದೊಂದಕ್ಕೂ ಸೆಕೆಂಡುಗಳ ದಂಡ.

ಚಿಕ್ಕಪ್ಪ ತೋಟದ ದಾರಿಯಲ್ಲಿ ಜೀಪು ಓಡಿಸಿಯೇ ತಲೆ ಬೆಳ್ಳಗಾದವರು. ಬಂದವರೇ ನನ್ನ ನಾಲ್ಕು ಪಟ್ಟಿಯ ಬೆಲ್ಟ್ ಹಿಡಿದು ಅಲ್ಲಾಡಿಸಿದರು.

"ಎಂತ ಮಾರಾಯ, ಇಷ್ಟು ಸಡಿಲ ಬಿಟ್ಕೊಂಡ್ರೆ ಕಾಲು ನಿನ್ನ ಮಾತು ಕೇಳ್ತದಾ? ಮೊದಲು ಸರಿ ಕೂತ್ಕೊ."

ಆಗ ಹೊಳೆಯಿತು. ಮನೆಯ ಕುರ್ಚಿಯಲ್ಲಿ ಎಷ್ಟು ಜೋರು ಬ್ರೇಕ್ ಹಾಕಿದರೂ ಮೈ ಕದಲುವುದಿಲ್ಲ, ಅಲ್ವಾ? ಹಾಗಾಗಿ ಕಾಲಿನ ಅಳತೆ ತಪ್ಪುವುದೂ ಇಲ್ಲ. ಇಲ್ಲಿ ಮೈಯನ್ನು ಹಿಡಿದು ನಿಲ್ಲಿಸುವುದೇ ಅರ್ಧ ಕೆಲಸ. ವೇಗವೂ ಅಷ್ಟೇ. ಸ್ಕ್ರೀನಿನಲ್ಲಿ 80 ಅಂದರೆ ನಿಧಾನ ಅನ್ನಿಸುತ್ತಿತ್ತು. ಗದ್ದೆಯಲ್ಲಿ 40ಕ್ಕೇ ಹೊಟ್ಟೆ ಹಿಡಿದುಕೊಂಡಿತ್ತು.

ಎರಡನೇ ಸುತ್ತಿಗೆ ಉಸಿರು ಕಟ್ಟುವಷ್ಟು ಬೆಲ್ಟ್ ಬಿಗಿದೆ. ಬ್ರೇಕ್ ಒತ್ತುವಾಗ ಎಡಗಾಲನ್ನು ನೆಲಕ್ಕೆ ಊರಿ ಬೆನ್ನನ್ನು ಸೀಟಿಗೆ ಅಂಟಿಸಿಕೊಂಡೆ. ಉಬ್ಬು ಬರುವ ಮೊದಲೇ, ಕಾರು ನೇರ ಇರುವಾಗಲೇ ಬ್ರೇಕ್ ಮುಗಿಸಿದೆ. ಒಂದು ಕೋನ್ ಕೂಡ ಬೀಳಲಿಲ್ಲ. ದಂಡ ಬಿಟ್ಟು ಲೆಕ್ಕ ಹಾಕಿದರೂ ಮೊದಲಿಗಿಂತ ನಾಲ್ಕು ಸೆಕೆಂಡ್ ಕಡಿಮೆ.

ರಾತ್ರಿ ಶಿವಮೊಗ್ಗಕ್ಕೆ ಬಂದು, ಸ್ನಾನ ಮಾಡಿ, ಮತ್ತೆ ಸಿಮ್ಯುಲೇಟರ್ ಮುಂದೆ ಕೂತೆ. ಮೊದಲ ತಿರುವು ಬಂತು. ಬ್ರೇಕ್ ಒತ್ತಿದೆ. ಕುರ್ಚಿ ಅಲ್ಲಾಡಲಿಲ್ಲ. ಆದರೆ ಎಡಗಾಲು ತಾನಾಗಿಯೇ ನೆಲಕ್ಕೆ ಊರಿಕೊಂಡಿತ್ತು.